ಗಡಸು ನೀರಿನ ಮನೆ

ಆ ಮನೆಯ ಚಹಾದ ಕೆಟಲನ್ನು ಅಲುಗಿಸಿದರೆ ಒಳಗೆ ಕಲ್ಲು ಸದ್ದು ಮಾಡುತ್ತಿತ್ತು. ಯಾರೂ ಹಾಕಿದ ಕಲ್ಲಲ್ಲ, ನೀರೇ ಕಟ್ಟಿದ ಕಲ್ಲು. ಹಿತ್ತಲ ಬಾವಿಯ ನೀರು ಅಷ್ಟು ಗಡಸು. ಸೋಪು ತಿಕ್ಕಿದರೆ ನೊರೆಯ ಬದಲು ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲುತ್ತಿತ್ತು. ಒಗೆದ ಅಂಗಿ ಒಣಗಿದ ಮೇಲೆ ಗೋಡೆಗೆ ಒರಗಿಸಿದರೆ ನಿಂತುಕೊಳ್ಳುತ್ತಿತ್ತು. ಕಾಳು ಬೇಯಬೇಕಾದರೆ ಬೆಳಗಿನ ತಿಂಡಿ ಮುಗಿದ ಕೂಡಲೇ ಒಲೆಗೆ ಏರಿಸಬೇಕು, ಮಧ್ಯಾಹ್ನದ ಊಟಕ್ಕೆ ಇಳಿಸಬೇಕು. ನಡುವೆ ಮೂರು ಗಂಟೆ ಗ್ಯಾಸು ಉರಿಯುತ್ತಿರಬೇಕು.

ಸೊಸೆ ಆ ಮನೆಗೆ ಬಂದು ಹದಿನೆಂಟು ವರ್ಷವಾಗಿತ್ತು. ಅವಳು ಮೆದು ನೀರಿನ ಊರಿನವಳು. ಮದುವೆಯಾಗಿ ಬಂದ ಮೂರನೆಯ ದಿನ ತಲೆಗೆ ನೀರು ಹಾಕಿಕೊಂಡು ಬಾಚಲು ಕೂತರೆ ಬಾಚಣಿಗೆ ಕೂದಲಲ್ಲಿ ಸಿಕ್ಕಿಕೊಂಡು ಅಲ್ಲೇ ನಿಂತಿತು. ಆವತ್ತು ಅತ್ತಳು. ಆಮೇಲೆ ಅಳಲಿಲ್ಲ, ಗೊಣಗಿದಳು. ಹದಿನೆಂಟು ವರ್ಷ ದಿನಕ್ಕೊಂದು ಸಲವಾದರೂ ಗೊಣಗಿದಳು. ಅತ್ತೆಯ ಉತ್ತರವೂ ಹದಿನೆಂಟು ವರ್ಷದಿಂದ ಒಂದೇ. "ಈ ನೀರು ಕುಡಿದೇ ನಿನ್ನ ಗಂಡ ಆರಡಿ ಬೆಳೆದಿರೋದು. ನೀರಿಗೆ ಹೆಸರಿಡಬೇಡ."

ಮರಸೇಬು, ಅಂದರೆ ಪೇರ್ ಹಣ್ಣನ್ನು ಸಿಪ್ಪೆ ತೆಗೆದು, ಎರಡು ಹೋಳು ಮಾಡಿ, ಸಕ್ಕರೆ ಪಾಕದಲ್ಲಿ ಬೇಯಿಸಿ, ಗಾಜಿನ ಸೀಸೆಗೆ ತುಂಬಿ ಮಾರುವುದು ಆ ಮನೆಯ ಕಸುಬು. ಮನೆಯ ಹಿಂದೆಯೇ ಶೆಡ್ಡು. ಬಾಯ್ಲರು ಗಂಡನದು, ಪಾಕ ಸೊಸೆಯದು. ಹಣ್ಣು ಹೆಚ್ಚುವುದು ಎಂಟು ಹೆಂಗಸರದು, ಅವರ ಮುಂದಾಳಿಗೆ ಚಾಕು ಅಕ್ಕ ಎಂದೇ ಹೆಸರು. ಎಪ್ಪತ್ತು ದಾಟಿದ ಅತ್ತೆ ಈಗ ಅಡುಗೆಮನೆಗೆ ಮಾತ್ರ ಯಜಮಾನಿ. ಆದರೆ ಶೆಡ್ಡಿನಲ್ಲಿ ಅವರ ಒಂದು ಕಟ್ಟಳೆಯನ್ನು ಯಾರೂ ಮೀರುವ ಹಾಗಿರಲಿಲ್ಲ. ಹೆಚ್ಚಿದ ಹಣ್ಣು ನೇರ ಒಲೆಗೆ ಹೋಗಕೂಡದು. ಸಂಜೆ ಬಾವಿ ನೀರಿನ ತೊಟ್ಟಿಗೆ ಹಾಕಿ ಬೆಳಿಗ್ಗೆ ತೆಗೆಯಬೇಕು.

"ಹಣ್ಣು ಮಲಗಿ ಏಳಬೇಕು," ಎನ್ನುತ್ತಿದ್ದರು. ಯಾಕೆ ಎಂದು ಕೇಳಿದರೆ, "ನಮ್ಮತ್ತೆ ಹೇಳಿದ್ದು." ಅವರ ಅತ್ತೆಗೆ ಹೇಳಿದವರು ಯಾರೋ, ಕೇಳಲು ಯಾರೂ ಉಳಿದಿರಲಿಲ್ಲ.

ಹಂಗಾಮು ಶುರುವಾಗುವ ಮುಂಚೆ ಒಂದು ದಿನ ಕೈಗಾರಿಕೆ ಇಲಾಖೆಯ ಒಬ್ಬ ಅಧಿಕಾರಿ ಬಂದ. ಕಂಕುಳಲ್ಲಿ ಫೈಲು, ಕೈಯಲ್ಲಿ ಉದ್ದದ ಒಂದು ನಮೂನೆ. ಅವನು ಗೇಟು ದಾಟಿ ಹೋಗುವಷ್ಟರಲ್ಲಿ ಮನೆಯ ಮಗಳು ಅವನಿಗೆ ಪಟ್ಟಿ ಸಾಹೇಬ ಎಂದು ನಾಮಕರಣ ಮಾಡಿಯಾಗಿತ್ತು.

"ನಮ್ಮ ಪ್ರದೇಶದಲ್ಲಿ ಆಹಾರ ಸಂಸ್ಕರಣೆಗೆ ಏನೇನು ಅನುಕೂಲ ಇದೆ ಅಂತ ಒಂದು ಪುಸ್ತಿಕೆ ತರ್ತಿದ್ದೀವಿ," ಎಂದ ಸಾಹೇಬ, ಊಟದ ಮೇಜಿನ ಮೇಲೆ ನಮೂನೆ ಹರಡಿ. "ಹೊರಗಿನ ಕಂಪನಿಗಳು ನೋಡಿ ಬರಲಿ ಅಂತ. ನೀವು ಮೂರು ತಲೆಮಾರಿಂದ ಮಾಡ್ತಿದ್ದೀರಿ. ನೀವು ಹೇಳಿದ್ರೆ ತೂಕ."

ಮೊದಲು ಬಾಯಿ ಹಾಕಿದವನು ಮೈದುನ. ಯಾವಾಗಲೂ ಒಂದು ನೀಲಿ ನಕ್ಷೆ ಸುತ್ತಿ ಹಿಡಿದುಕೊಂಡು ತಿರುಗುತ್ತಿದ್ದುದರಿಂದ ಮನೆಯಲ್ಲಿ ಅವನನ್ನು ನಕ್ಷೆ ಎಂದೇ ಕರೆಯುತ್ತಿದ್ದರು. "ಬರ್ಕೊಳ್ಳಿ ಸಾರ್. ಎರಡು ಹೆದ್ದಾರಿ ಕೂಡೋ ಜಾಗ. ಗೂಡ್ಸ್ ಯಾರ್ಡು ಹತ್ತು ನಿಮಿಷ. ಬೆಳಿಗ್ಗೆ ಬಿಟ್ಟ ಲಾರಿ ಸಂಜೆಗೆ ಬಂದರು ಮುಟ್ಟುತ್ತೆ. ಕರೆಂಟು ಹೋಗಲ್ಲ."

"ಹೋಗುತ್ತೆ," ಎಂದ ಅವನ ಅಣ್ಣ.

"ಹೊಸ ಪಾರ್ಕಲ್ಲಿ ಹೋಗಲ್ಲ."

"ಹಾಗಿದ್ರೆ ಪಾರ್ಕಲ್ಲಿ ಅಂತ ಬರೆಸು. ಸಾರ್, ತೋಟಗಳು ಹತ್ತಿರ ಅಂತ ಹಾಕಿ. ಬೆಳಿಗ್ಗೆ ಕಿತ್ತ ಹಣ್ಣು ಮಧ್ಯಾಹ್ನ ನಮ್ಮ ಕೈಲಿರುತ್ತೆ. ಒಣ ಹವೆ, ಇಟ್ಟ ಹಣ್ಣು ಕೊಳೆಯಲ್ಲ."

"ಕೈ ಅಂತಲೂ ಬರ್ಕೋಪ್ಪ," ಎಂದರು ಅತ್ತೆ.

"ಕೈ?"

"ಕೆಲಸ ಗೊತ್ತಿರೋ ಕೈ. ನಮ್ಮ ಚಾಕು ಅಕ್ಕ ಸಿಪ್ಪೆ ತೆಗೆದರೆ ಆ ಸಿಪ್ಪೆಲಿ ನಿನ್ನ ಮುಖ ಕಾಣುತ್ತೆ, ಅಷ್ಟು ತೆಳು."

ಸಾಹೇಬ 'ನುರಿತ ಕಾರ್ಮಿಕರು' ಎಂದು ಬರೆದುಕೊಂಡ. ಹದಿನಾರರ ಮಗಳು ಮೊಬೈಲಿನಿಂದ ತಲೆ ಎತ್ತದೆ, "ಈ ಊರಲ್ಲಿ ಮಾಡೋಕೆ ಬೇರೆ ಏನೂ ಇಲ್ಲ. ಅದೂ ಒಂದು ಅನುಕೂಲ ತಾನೆ, ಎಲ್ಲರೂ ಕೆಲಸಕ್ಕೇ ಬರ್ತಾರೆ," ಎಂದಳು. ಸಾಹೇಬ ಅದನ್ನು ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಕೂತ.

ಸೊಸೆ ಚಹಾ ತಂದಿಟ್ಟಳು. "ಅನಾನುಕೂಲ ಅಂತ ಕಾಲಮ್ಮು ಇದೆಯಾ ಸಾರ್?"

"ಇದೆ. ಅದು ಪುಸ್ತಿಕೆಲಿ ಬರಲ್ಲ, ಕಚೇರಿಗೆ ಮಾತ್ರ."

"ಅದರಲ್ಲಿ ನೀರು ಅಂತ ಹಾಕಿ. ಗಡಸು. ದಪ್ಪ ಅಕ್ಷರದಲ್ಲಿ ಹಾಕಿ."

ಸಾಹೇಬ ಬರೆದುಕೊಂಡ. ಚಹಾ ಕುಡಿದಾಗ ಅವನ ಹಲ್ಲಿಗೂ ಒಂದು ಕಲ್ಲು ಸಿಕ್ಕಿತು, ಹಾಗಾಗಿ ಯಾಕೆ ಎಂದು ಕೇಳಲಿಲ್ಲ. ಅವನು ಹೋದ ಮೇಲೆ ಅತ್ತೆ ಲೋಟಗಳನ್ನು ಸದ್ದಾಗುವ ಹಾಗೆ ತೊಳೆದರು. "ಮನೆ ಮಾತನ್ನ ಸರ್ಕಾರದ ಕಾಗದಕ್ಕೆ ಏರಿಸಿದೆ," ಎಂದರು ಬೆನ್ನು ತಿರುಗಿಸಿಕೊಂಡೇ. ಎರಡು ದಿನ ಮಾತಿಲ್ಲ.

ನಕ್ಷೆ ಹೇಳಿದ ಕೈಗಾರಿಕಾ ಪಾರ್ಕು ಊರಿನಿಂದ ಹದಿನಾಲ್ಕು ಕಿಲೋಮೀಟರು. ಅಲ್ಲಿ ಅವನಿಗೆ ಒಂದು ಶೆಡ್ಡು ಮಂಜೂರಾಗಿತ್ತು. ಹೊಸ ಬಾಯ್ಲರು, ತಣ್ಣನೆ ಗೋದಾಮು, ಲಾರಿ ಬಂದು ಹಿಂದಕ್ಕೆ ಆನುವ ಕಟ್ಟೆ. ಪಕ್ಕದಲ್ಲೇ ಎರಡು ಮಲಗುವ ಕೋಣೆಯ ಮನೆ. ಇದರ ಮೇಲೆ ನಗರದ ದೊಡ್ಡ ಅಂಗಡಿಯೊಂದರ ಖರೀದಿಯವಳು ಎರಡು ಸಾವಿರ ಸೀಸೆಯ ಪರೀಕ್ಷೆ ಆರ್ಡರು ಕೊಟ್ಟಿದ್ದಳು. ಒಪ್ಪಿಗೆಯಾದರೆ ವರ್ಷಪೂರ್ತಿ ಕೆಲಸ. ಅವಳ ಷರತ್ತು ಒಂದೇ. ಸೀಸೆಯ ಮೇಲೆ ನಾಲ್ಕೇ ಪದ ಇರಬೇಕು, ಹಣ್ಣು, ಸಕ್ಕರೆ, ನೀರು, ನಿಂಬೆರಸ. ಐದನೆಯದು ಕಂಡರೆ ಮಾತುಕತೆ ಮುಗಿಯಿತು.

ನಕ್ಷೆ ಇಡೀ ಸಂಸಾರವೇ ಪಾರ್ಕಿಗೆ ಹೋಗಬೇಕೆಂದ. ಅತ್ತೆ ಒಲ್ಲೆ ಎಂದರು. ಗಂಡ ಆ ಕಡೆ ಈ ಕಡೆ ನೋಡಿದ. ಎತ್ತು ಏರಿಗೆ, ಕೋಣ ನೀರಿಗೆ.

"ಹಿತ್ತಲ ಗಿಡ ಮದ್ದಲ್ಲ ಅನ್ನೋ ಜಾತಿ ನೀವು," ಎಂದರು ಅತ್ತೆ. "ಅಲ್ಲಿ ತೊಟ್ಟಿ ಎಲ್ಲಿದೆ? ಹಣ್ಣು ಎಲ್ಲಿ ಮಲಗುತ್ತೆ?"

"ಸ್ಟೀಲ್ ತೊಟ್ಟಿ ಮಾಡಿಸ್ತೀನಮ್ಮ. ಹಾಸಿಗೆ ದಿಂಬೂ ಹಾಕಿಸ್ತೀನಿ ಬೇಕಾದ್ರೆ."

ಜಾಗ ನೋಡಲು ಎಲ್ಲರೂ ವ್ಯಾನಿನಲ್ಲಿ ಹೋದರು. ಗಂಡಸರು ಬಾಯ್ಲರಿನ ಮುಂದೆ ನಿಂತು ತಲೆ ಆಡಿಸುತ್ತಿದ್ದಾಗ ಸೊಸೆ ಮನೆಯೊಳಗೆ ಹೋಗಿ ನಲ್ಲಿ ತಿರುಗಿಸಿದಳು. ದೂರದ ಕೆರೆಯಿಂದ ಪೈಪಿನಲ್ಲಿ ಬರುವ ನೀರು. ಸಿಂಕಿನ ಪಕ್ಕದಲ್ಲಿ ಯಾರೋ ಮೇಸ್ತ್ರಿ ಬಿಟ್ಟುಹೋದ ಸೋಪಿನ ತುಂಡಿತ್ತು. ಕೈಗೆ ತಿಕ್ಕಿಕೊಂಡಳು. ನೊರೆ ಬಂತು. ಬೆರಳ ಸಂದಿಯಿಂದ ಉಕ್ಕಿ ಮಣಿಕಟ್ಟಿನವರೆಗೂ ಬಂತು. ಅವಳು ಅದನ್ನು ತೊಳೆಯದೆ ಸುಮಾರು ಹೊತ್ತು ಹಾಗೇ ನೋಡುತ್ತ ನಿಂತಳು.

ಮನೆಗೆ ಬಂದ ಮೇಲೆ ಗಂಡ ಕೇಳಿದ. "ನೀನೇನಂತೀಯ?"

"ಹೋಗೋಣ," ಎಂದಳು.

ಆ ಒಂದು ಮಾತಿಗೆ ತಕ್ಕಡಿ ವಾಲಿತು. ಆರ್ಡರು ಒಪ್ಪಿಗೆಯಾದ ಮೇಲೆ ಹಳೆ ಮನೆ ಬಾಡಿಗೆಗೆ ಕೊಟ್ಟು ಎಲ್ಲರೂ ಅಲ್ಲಿಗೆ, ಅಲ್ಲಿಯವರೆಗೆ ದಿನಾ ವ್ಯಾನಿನಲ್ಲಿ ಓಡಾಟ ಎಂದು ತೀರ್ಮಾನವಾಯಿತು. ಅತ್ತೆ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಹಣ್ಣು ಬಂತು. ಅದೇ ತೋಟದ ಹಣ್ಣು. ಅದೇ ಎಂಟು ಹೆಂಗಸರು ವ್ಯಾನಿನಲ್ಲಿ ಒತ್ತೊತ್ತಾಗಿ ಕೂತು ಬಂದು ಹೆಚ್ಚಿದರು. ಹಣ್ಣು ಸ್ಟೀಲ್ ತೊಟ್ಟಿಯಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಎದ್ದಿತು. ಸೊಸೆ ಪಾಕ ಕಾಯಿಸಿದಳು, ಹೋಳು ಬಿಟ್ಟಳು, ಗಡಿಯಾರ ನೋಡಿದಳು. ಇಪ್ಪತ್ತೆರಡನೆಯ ನಿಮಿಷಕ್ಕೆ ಜಾಲರಿ ಸೌಟು ಹಾಕಿ ಎತ್ತಿದರೆ ಹೋಳಿನ ಅಂಚು ಕರಗಿ ಸೌಟಿನ ಕಣ್ಣಿನಿಂದ ಇಳಿಯಿತು. ಎರಡು ಕಡಾಯಿಯಷ್ಟು ಹಣ್ಣು ಮಗುವಿಗೆ ತಿನ್ನಿಸುವ ಮುದ್ದೆಯಾಯಿತು.

"ಹಣ್ಣು ಜಾಸ್ತಿ ಮಾಗಿತ್ತು," ಎಂದ ಗಂಡ.

ಮುಂದಿನ ವಾರ ಕಾಯಿ ಎನ್ನುವಷ್ಟು ಗಟ್ಟಿ ಹಣ್ಣು ತರಿಸಿದರು. ಉರಿ ತಗ್ಗಿಸಿದರು. ಹೊರಗೆ ಲೋಳೆ, ಒಳಗೆ ಹಸಿ. ಖರೀದಿಯವಳು ಫೋನು ಮಾಡಿ ಇನ್ನು ಎರಡು ವಾರ ಕಾಯುತ್ತೇನೆ ಎಂದಳು. ಕಾಯುತ್ತೇನೆ ಎನ್ನುವಾಗಲೇ ಅವಳ ದನಿ ಬೇರೆ ಯಾರನ್ನೋ ಹುಡುಕುತ್ತಿತ್ತು.

ಆ ಸಂಜೆ ಮೇಜಿನ ಸುತ್ತ ಊಟಕ್ಕಿಂತ ಜಗಳ ಜಾಸ್ತಿ ಬಡಿಸಿಕೊಂಡರು.

"ಹೆಂಗಸರಿಗೆ ವ್ಯಾನಲ್ಲಿ ಬರೋಕೆ ಇಷ್ಟ ಇಲ್ಲ," ಎಂದ ನಕ್ಷೆ. "ಅದಕ್ಕೇ ಕೈ ಬಿಗಿ ಮಾಡಿ ಒತ್ತಿ ಹೆಚ್ತಾರೆ. ಹಣ್ಣು ಒಳಗೇ ಜಜ್ಜಿಹೋಗುತ್ತೆ. ಚಾಕು ಅಕ್ಕನೇ ಹೇಳಿಕೊಟ್ಟಿರಬೇಕು."

"ಮೂವತ್ತು ವರ್ಷದಿಂದ ನಮ್ಮ ಹಣ್ಣು ಹೆಚ್ಚಿದವಳು ಅವಳು," ಎಂದರು ಅತ್ತೆ.

"ಅದೇ ಹೇಳ್ತಿರೋದು. ಮೂವತ್ತು ವರ್ಷ ಹಳೇ ಶೆಡ್ಡಲ್ಲಿ ಬೇರು ಬಿಟ್ಟವಳು. ಮಿಷನ್ ತರ್ತೀನಿ. ಮಿಷನ್ನಿಗೆ ಮುನಿಸಿರಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಅಮ್ಮ, ಇಬ್ಬರೂ ಬಿಡಿ," ಎಂದ ಗಂಡ. ಬಿಡಲಿಲ್ಲ. ಮಾತಿಗೆ ಗೋಡೆ ಇರುವುದಿಲ್ಲ. ಮಾರನೆಯ ದಿನ ಅದು ಚಾಕು ಅಕ್ಕನ ಕಿವಿಗೆ ಬಿತ್ತು. ಅವಳು ತನ್ನ ಸಣ್ಣ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಮಿಷನ್ ಬಂದ ಮೇಲೆ ಅದಕ್ಕೇ ಟೀ ಕೊಡಿ," ಎಂದು ಸೊಸೆಗೆ ಹೇಳಿ ಹೋದಳು. ಹಿಂದೆಯೇ ನಾಲ್ವರು ಹೋದರು.

ಇಷ್ಟೆಲ್ಲದರ ನಡುವೆ ಸೊಸೆ ಒಂದು ಗುಟ್ಟು ಸಾಕಿಕೊಂಡಿದ್ದಳು. ಪಾರ್ಕಿನಿಂದ ದಿನಾ ಬರುವಾಗ ಇಪ್ಪತ್ತು ಲೀಟರಿನ ಒಂದು ಕ್ಯಾನಿನಲ್ಲಿ ಮೆದು ನೀರು ತುಂಬಿಸಿಕೊಂಡು ಬರುತ್ತಿದ್ದಳು. ವ್ಯಾನಿನ ಹಿಂದಿನ ಸೀಟಿನ ಕೆಳಗೆ ಬರುತ್ತಿದ್ದ ಕ್ಯಾನು ಅಡುಗೆಮನೆಯ ಹಿಟ್ಟಿನ ಡಬ್ಬದ ಹಿಂದೆ ಅಡಗುತ್ತಿತ್ತು. ಅದರಲ್ಲಿ ತಲೆ ತೊಳೆದಳು, ಮಗಳ ಶಾಲೆಯ ಬಿಳಿ ಅಂಗಿ ನೆನೆಸಿದಳು. ಕಳ್ಳತನವೇನಲ್ಲ, ತಮ್ಮದೇ ಶೆಡ್ಡಿನ ನೀರು. ಆದರೂ ಅತ್ತೆ ಎದುರು ಬಂದರೆ ತಲೆಗೆ ಸೆರಗು ಎಳೆದುಕೊಳ್ಳುತ್ತಿದ್ದಳು.

"ನಿನ್ನ ತಲೆ ಏನೇ ಇತ್ತೀಚೆಗೆ ಬೆಕ್ಕಿನ ಮೈ ಆಗಿದೆ?" ಎಂದರು ಅತ್ತೆ ಒಂದು ದಿನ.

"ಹೊಸ ಶ್ಯಾಂಪು ಅತ್ತೆ," ಎಂದಳು. ಮಗಳು ಪುಸ್ತಕದ ಹಿಂದೆ ನಕ್ಕಳು.

ಆ ಭಾನುವಾರ ಬಾವಿಯ ಪಂಪು ಕೆಟ್ಟಿತು. ಗಂಡ ರಿಪೇರಿಗೆ ಕೂತ. ಸೊಸೆ ಸಂತೆಗೆ ಹೋಗಿದ್ದಳು. ಅತ್ತೆ ಕಾಳು ತೊಳೆದು, ಕೊಡ ನೋಡಿದರೆ ಖಾಲಿ, ಹಿಟ್ಟಿನ ಡಬ್ಬ ಸರಿಸಿದರೆ ತುಂಬಿದ ಕ್ಯಾನು. ಮೊಮ್ಮಗಳೋ ಯಾರೋ ಹಿಡಿದಿಟ್ಟ ಬಾವಿ ನೀರೇ ಇರಬೇಕೆಂದು ಅದನ್ನೇ ಸುರಿದು ಒಲೆಗೆ ಏರಿಸಿದರು. ಎಂದಿನಂತೆ ಮೂರು ಗಂಟೆ ಬೇಯಲು ಬಿಟ್ಟು ಹಿತ್ತಲಲ್ಲಿ ಬಟ್ಟೆ ಮಡಿಸುತ್ತ ಕೂತರು.

ಮಧ್ಯಾಹ್ನ ಮುಚ್ಚಳ ತೆಗೆದರೆ ಪಾತ್ರೆಯಲ್ಲಿ ಒಂದೇ ಒಂದು ಕಾಳು ಕಾಳಾಗಿ ಉಳಿದಿರಲಿಲ್ಲ.

"ಇದೇನಮ್ಮ, ಗೋಡೆಗೆ ಬಳಿಯೋಕಾ?" ಎಂದ ನಕ್ಷೆ, ಸೌಟು ಎತ್ತಿ ನೋಡಿ. ಅಣ್ಣನೂ ನಕ್ಕ. "ಒಲೆ ಮೇಲೆ ಇಟ್ಟು ಮರೆತು ನಿದ್ದೆ ಹೋದೆಯೇನಮ್ಮ?"

"ನಿದ್ದೆ ಹೋಗಿಲ್ಲ. ಗಡಿಯಾರ ನೋಡೇ ಇಳಿಸಿದ್ದು." ಅತ್ತೆಯ ದನಿ ಸಣ್ಣಗಿತ್ತು. "ನಲವತ್ತೈದು ವರ್ಷ ಕಾಳು ಬೇಯಿಸಿದ್ದೀನಿ. ಯಾವತ್ತೂ ಹೀಗಾಗಿಲ್ಲ."

"ವಯಸ್ಸಾಯ್ತಲ್ಲ, ಬಿಡು," ಎಂದ ಗಂಡ, ಸಮಾಧಾನ ಹೇಳುವ ದನಿಯಲ್ಲಿ. ಆ ಸಮಾಧಾನವೇ ಅವರಿಗೆ ಚುಚ್ಚಿತು.

ಆಗಷ್ಟೇ ಸಂತೆಯಿಂದ ಬಂದಿದ್ದ ಸೊಸೆ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಹಿಟ್ಟಿನ ಡಬ್ಬ ಜರುಗಿತ್ತು, ಕ್ಯಾನಿನ ನೀರು ಇಳಿದಿತ್ತು. ಮೂರು ಗಂಟೆ ಬೇಕಾಗುವ ಕಾಳು ಈ ನೀರಿನಲ್ಲಿ ಕರಗಿಹೋಗಿದೆ. ಕಾಳೇ ನಿಲ್ಲದ ನೀರಿನಲ್ಲಿ ಹಣ್ಣು ಹೇಗೆ ನಿಲ್ಲುತ್ತದೆ? ಈಗ ಹೇಳಬೇಕು ಎಂದುಕೊಂಡಳು. ಹೇಳಿದರೆ ಪಾರ್ಕಿಲ್ಲ, ಆ ಮನೆಯಿಲ್ಲ, ಆ ನಲ್ಲಿಯಿಲ್ಲ. ತಟ್ಟೆಗಳನ್ನು ಇಟ್ಟು ಬಡಿಸತೊಡಗಿದಳು.

ಮಾರನೆಯ ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬರಲಿಲ್ಲ. ಸೌಟನ್ನು ತಂದು ಸೊಸೆಯ ಮುಂದೆ ಇಟ್ಟರು. "ಇನ್ನು ನೀನೇ ನೋಡ್ಕೋ. ನನ್ನ ಕೈ ಹೋಯ್ತು."

"ಅದೆಲ್ಲ ಯಾಕತ್ತೆ, ಒಂದು ಸಲ ಆಗಿದ್ದಕ್ಕೆ."

"ಒಂದು ಸಲವೇ ಶುರು. ನಮ್ಮತ್ತೆಗೂ ಹೀಗೇ ಶುರುವಾಗಿದ್ದು." ಅಷ್ಟು ಹೇಳಿ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತರು. ಕೈಗೆ ಕೆಲಸವಿಲ್ಲದೆ ಅವರನ್ನು ಸೊಸೆ ನೋಡಿದ್ದು ಅದೇ ಮೊದಲು. ಎರಡು ಕೈಯನ್ನೂ ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡಿದ್ದರು, ಯಾರೋ ವಾಪಸು ಕೊಟ್ಟ ಪಾತ್ರೆಗಳ ಹಾಗೆ.

ಸೊಸೆಗೆ ಅನ್ನ ಇಳಿಯಲಿಲ್ಲ. ಚಾಕು ಅಕ್ಕ ಮನೆಯಲ್ಲಿ ಕೂತಿದ್ದಾಳೆ, ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಇಬ್ಬರ ಮೇಲೆ ಬಿದ್ದ ತಪ್ಪೂ ಇಪ್ಪತ್ತು ಲೀಟರಿನ ಕ್ಯಾನಿನೊಳಗಿದೆ. ಆದರೂ ಸಂಜೆಯವರೆಗೆ ತನ್ನ ಮನಸ್ಸಿಗೆ ತಾನೇ ಸುಳ್ಳು ಹೇಳಿಕೊಂಡಳು. ಖಾತ್ರಿ ಇಲ್ಲದೆ ಬಾಯಿ ಬಿಡುವುದು ಸರಿಯಲ್ಲ, ನೋಡಿಯೇ ಹೇಳೋಣ. ನೋಡಿದ ಮೇಲೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಒಂದೇ ಹಣ್ಣನ್ನು ಎರಡು ಹೋಳು ಮಾಡಿದಳು. ಒಂದನ್ನು ಬಾವಿ ನೀರಿನ ಬಟ್ಟಲಿಗೆ, ಇನ್ನೊಂದನ್ನು ಕ್ಯಾನಿನ ನೀರಿನ ಬಟ್ಟಲಿಗೆ ಹಾಕಿ ಮುಚ್ಚಿಟ್ಟಳು. ಬೆಳಿಗ್ಗೆ ಆಯಾ ನೀರಿನಲ್ಲೇ ಎರಡು ಪಾಕ ಮಾಡಿ, ಎರಡು ಒಲೆ ಹಚ್ಚಿ, ಗಡಿಯಾರ ಎದುರಿಗಿಟ್ಟುಕೊಂಡು ಕೂತಳು. ಹೋಳು ಒಂದೊಂದೇ, ಪಾತ್ರೆ ಚಿಕ್ಕದು, ಹೊತ್ತು ಹೆಚ್ಚು ಬೇಕಾಗಲಿಲ್ಲ. ಬಾವಿ ನೀರಿನ ಹೋಳನ್ನು ಚಮಚದಿಂದ ತಟ್ಟಿದರೆ ಮೆತ್ತಗಿದ್ದರೂ ಆಕಾರ ಬಿಡಲಿಲ್ಲ. ಇನ್ನೊಂದನ್ನು ಮುಟ್ಟುವುದೇ ಬೇಕಾಗಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಎರಡೂ ಬಟ್ಟಲು ನೋಡಿದಳು, ಕ್ಯಾನು ನೋಡಿದಳು. ಜಾಣೆ.

"ಅಮ್ಮ, ಇದನ್ನ ಹೇಳಿದ್ರೆ ನಾವು ಇಲ್ಲೇ."

"ಹೂಂ."

"ನಿನ್ನ ನಲ್ಲಿ?"

"ಹೋಯ್ತು," ಎಂದಳು ಸೊಸೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ಎಲ್ಲರನ್ನೂ ತಿಂಡಿಗೆ ಕರಿ. ಅಜ್ಜಿನ್ನೂ ಕರಿ."

ಬಟ್ಟಲೆರಡನ್ನೂ ಮೇಜಿನ ನಡುವೆ ಇಟ್ಟಳು. "ಒಂದೇ ಹಣ್ಣು, ಒಂದೇ ಸಕ್ಕರೆ, ಒಂದೇ ಗಡಿಯಾರ. ಇದು ನಮ್ಮ ಬಾವಿ ನೀರು. ಇದು ಪಾರ್ಕಿನದು. ಕಾಳು ಬೇಗ ಬೇಯದ ಹಾಗೆ ಮಾಡ್ತಿದ್ದ ನೀರೇ ಹಣ್ಣನ್ನೂ ಕರಗದ ಹಾಗೆ ಹಿಡಿದಿಟ್ಟಿರೋದು. ಚಾಕು ಅಕ್ಕನ ಕೈಯಲ್ಲಿ ಏನೂ ತಪ್ಪಿಲ್ಲ. ಅತ್ತೆ ಕೈಯಲ್ಲೂ ಇಲ್ಲ."

ಅತ್ತೆ ನಿಧಾನವಾಗಿ ಸೊಸೆಯ ಕಡೆ ತಿರುಗಿದರು.

"ಪಾರ್ಕಿನ ನೀರು ಮನೆಗೆ ಹೇಗೆ ಬಂತು?"

"ನಾನು ತರ್ತಿದ್ದೆ. ತಲೆಗೆ."

"ಭಾನುವಾರ ನಾನು ಕಾಳಿಗೆ ಹಾಕಿದ್ದು?"

"ಅದೇ."

"ಆವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಾಯ್ತು ಅತ್ತೆ."

ಅತ್ತೆ ಕುರ್ಚಿ ಹಿಂದಕ್ಕೆ ನೂಕಿ ಎದ್ದರು. "ಎರಡು ದಿನ ನನ್ನ ಮುದುಕಿ ಮಾಡಿ ಕೂರಿಸಿದೆಯಲ್ಲೇ," ಎಂದರು. ದನಿಯಲ್ಲಿ ಸಿಟ್ಟು ಎಷ್ಟಿತ್ತೋ ಉಸಿರು ಬಂದ ಹಾಗಾದದ್ದೂ ಅಷ್ಟೇ ಇತ್ತು. ಅಡುಗೆಮನೆಗೆ ಹೋಗಿ ಸೌಟು ಎತ್ತಿಕೊಂಡರು. "ಇವತ್ತಿನ ಅಡುಗೆ ನಂದು. ನೀನು ಈ ಕಡೆ ಬಂದರೆ ನೋಡು."

ನಕ್ಷೆ ಸುಲಭಕ್ಕೆ ಒಪ್ಪುವವನಲ್ಲ. ಎರಡೂ ನೀರನ್ನು ಸೀಸೆಯಲ್ಲಿ ಹಿಡಿದು ಪಾರ್ಕಿನ ಪ್ರಯೋಗಶಾಲೆಗೆ ಹೋದ. ಅಲ್ಲಿಯವರು ನಕ್ಕರಂತೆ. ಬಾವಿ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಹಣ್ಣಿನ ಮೈ ಬಿಗಿ ಹಿಡಿಯುತ್ತದೆ, ಮೆದು ನೀರಿಗೆ ಇಂಥ ಲವಣ ಒಂದು ಚಿಟಿಕೆ ಹಾಕಿದರೆ ಅದೇ ಕೆಲಸವಾಗುತ್ತದೆ ಎಂದರಂತೆ. ನಕ್ಷೆ ಖುಷಿಯಿಂದ ಓಡಿಬಂದ.

"ಸೀಸೆ ಮೇಲೆ ಅದನ್ನ ಬರೀಬೇಕಾ?" ಎಂದು ಕೇಳಿದಳು ಸೊಸೆ.

ಬರೆಯಬೇಕಿತ್ತು. ಅದು ಐದನೆಯ ಪದ. ಖುಷಿ ಅಲ್ಲಿಗೆ ಮುಗಿಯಿತು. ಹೊಸ ಆಸೆಯೊಂದು ಸೊಸೆಯ ಮನಸ್ಸಿನಲ್ಲೂ ಮಿಣುಕಿ ಆರಿತು. ಅದನ್ನು ಯಾರೂ ಕಾಣಲಿಲ್ಲ.

ಟ್ಯಾಂಕರಿನಲ್ಲಿ ಬಾವಿ ನೀರು ಸಾಗಿಸೋಣ ಎಂದ ನಕ್ಷೆ. "ನೀರು ಹೊತ್ಕೊಂಡು ಹಣ್ಣಿನ ಹತ್ತಿರ ಹೋಗೋದಕ್ಕಿಂತ ಹಣ್ಣು ನೀರಿನ ಹತ್ತಿರ ಬರಲಿ," ಎಂದ ಗಂಡ. ತಿಂಗಳಲ್ಲಿ ಅವನು ಆಡಿದ ಗಟ್ಟಿ ಮಾತು ಅದೊಂದೇ. ಕೊನೆಗೆ ನೆನೆಸುವುದು, ಬೇಯಿಸುವುದು, ತುಂಬುವುದು ಹಳೆ ಶೆಡ್ಡಿನಲ್ಲೇ ಎಂದಾಯಿತು. ಚೀಟಿ ಅಂಟಿಸುವುದು, ಗೋದಾಮು, ಲಾರಿ ಪಾರ್ಕಿನಲ್ಲಿ. ತೊಟ್ಟಿಯ ಹತ್ತಿರ ಯಾರಾದರೂ ಇರಲೇಬೇಕು, ಆದ್ದರಿಂದ ಮನೆ ಇಲ್ಲೇ. ನಕ್ಷೆ ಒಬ್ಬನೇ ಪಾರ್ಕಿನ ಎರಡು ಕೋಣೆಗೆ ಹೋದ.

ಹೋಗುವ ಮುಂಚೆ ಅತ್ತೆ ಅವನನ್ನು ಚಾಕು ಅಕ್ಕನ ಮನೆಗೆ ಅಟ್ಟಿದರು. ಚಾಕು ಅಕ್ಕ ಕ್ಷಮೆ ಕೇಳಿಸಿಕೊಳ್ಳುತ್ತ ಒಂದು ಬುಟ್ಟಿ ಹಣ್ಣು, ಒಂದು ಚಾಕು ಅವನ ಮುಂದೆ ಇಟ್ಟಳಂತೆ. "ಮಾತಾಡ್ತಾ ಹೆಚ್ಚಪ್ಪ. ಒತ್ತಬೇಡ." ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ. ಮಾರನೆಯ ದಿನ ಎಂಟೂ ಹೆಂಗಸರು ಕೆಲಸಕ್ಕೆ ಬಂದರು.

ಎರಡು ಸಾವಿರ ಸೀಸೆ ಹೊತ್ತಿಗೆ ಸರಿಯಾಗಿ ಹೋದವು. ಹೋಳುಗಳು ಪಾಕದಲ್ಲಿ ಆಕಾರ ಕೆಡದೆ ಅಚ್ಚುಕಟ್ಟಾಗಿ ಕೂತಿದ್ದವು. ಖರೀದಿಯವಳು ಒಪ್ಪಿದಳು, ವರ್ಷದ ಕರಾರಿನ ಕಾಗದ ಕಳಿಸಿದಳು.

ಅದಾಗಿ ಕೆಲವು ದಿನಕ್ಕೆ ಪಟ್ಟಿ ಸಾಹೇಬ ಮತ್ತೆ ಬಂದ. ಪುಸ್ತಿಕೆ ಅಚ್ಚಿಗೆ ಹೋಗುವ ಮುಂಚೆ ತಿದ್ದುಪಡಿ ಏನಾದರೂ ಇದೆಯೇ ಎಂದು ಕೇಳಿದ. ಈ ಸಲ ಚಹಾ ಬೇಡ ಎಂದ.

"ಇದೆ ಸಾರ್," ಎಂದಳು ಸೊಸೆ. "ನೀರನ್ನ ಆ ಕಾಲಮ್ಮಿಂದ ಈ ಕಾಲಮ್ಮಿಗೆ ಹಾಕಿ."

ಸಾಹೇಬ ಕನ್ನಡಕ ಸರಿಮಾಡಿಕೊಂಡ. "ದಪ್ಪ ಅಕ್ಷರದಲ್ಲಿ ಬರೆಸಿದ್ರಿ. ಗಡಸು ನೀರು ಹೇಗೆ ಅನುಕೂಲ? ಕಾರಣ ಏನಂತ ಬರೀಲಿ?"

"ಕಾರಣ ಬರೀಬೇಡಪ್ಪ," ಎಂದರು ಅತ್ತೆ ಒಳಗಿನಿಂದ. "ಬರುವವರು ಬಂದು ಹದಿನೆಂಟು ವರ್ಷ ಗೊಣಗಲಿ. ಗೊತ್ತಾಗುತ್ತೆ."

ಮುಂದಿನ ಭಾನುವಾರ ಸೊಸೆ ಹಿತ್ತಲಿಗೆ ಬಂದಾಗ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಅದೇ ಇಪ್ಪತ್ತು ಲೀಟರಿನ ಕ್ಯಾನು, ಒಲೆಯಿಂದ ಇಳಿಸಿದ ಒಂದು ಪಾತ್ರೆ ಬಿಸಿನೀರು.

"ಇದೆಲ್ಲಿಂದ ಬಂತು ಅತ್ತೆ?"

"ಸೀಸೆ ಹೊತ್ತು ಹೋದ ವ್ಯಾನು ಖಾಲಿ ಯಾಕೆ ಬರಬೇಕು? ನಿನ್ನ ಮೈದುನನಿಗೆ ಹೇಳಿದ್ದೀನಿ. ವಾರಕ್ಕೊಂದು ಕ್ಯಾನು ತುಂಬಿ ಕಳಿಸದಿದ್ರೆ ಊಟಕ್ಕೆ ಬರಬೇಡ ಅಂತ." ಕೆಳಗಿನ ಮೆಟ್ಟಿಲನ್ನು ಕೈಯಿಂದ ತಟ್ಟಿದರು. "ಕೂತ್ಕೋ. ಜಡೆ ಬಿಚ್ಚು."

ಸೊಸೆ ಕೂತಳು. ಅತ್ತೆ ನೀರು ಹೊಯ್ದು ಸೋಪು ತಿಕ್ಕಿದರು. ನೊರೆ ಎದ್ದಿತು, ಕಿವಿಯ ಮೇಲೆ ಇಳಿಯಿತು, ಕಲ್ಲಿನ ಮೇಲೆ ಬಿದ್ದು ಹರಿಯಿತು. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಬೆರಳುಗಳು ನಿಂತವು. ಸೊಸೆ ಕಣ್ಣಿಗೆ ಸೋಪು ಹೋದೀತೆಂದು ಕಣ್ಣು ಮುಚ್ಚಿಯೇ ಕಾದಳು. ಬೆರಳು ಅಲ್ಲಾಡಲಿಲ್ಲ.

"ಯಾಕತ್ತೆ?"

ಅತ್ತೆ ನೊರೆ ತುಂಬಿದ ತಮ್ಮ ಎರಡು ಕೈಗಳನ್ನು ನೋಡುತ್ತಿದ್ದರು.

"ನಮ್ಮೂರಲ್ಲೂ ಹೀಗೇ ಬರ್ತಿತ್ತು," ಎಂದರು.

ಹದಿನೆಂಟು ವರ್ಷದಲ್ಲಿ ಅವರು ತವರಿನ ನೀರಿನ ಮಾತೆತ್ತಿದ್ದು ಅದೇ ಮೊದಲು. ಸೊಸೆ ತಲೆ ತೊಳೆಯಿಸಿಕೊಂಡು, ಒದ್ದೆ ಕೂದಲನ್ನು ಟವೆಲಿನಲ್ಲಿ ಕಟ್ಟಿ ಎದ್ದಳು. ಕ್ಯಾನನ್ನು ಎತ್ತಿ ನೋಡಿದಳು, ಅರ್ಧ ಉಳಿದಿತ್ತು. ಅತ್ತೆಯನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ ಕೂರಿಸಿ, ನಲವತ್ತೈದು ವರ್ಷದಿಂದ ಬಿಗಿದು ಕಟ್ಟಿದ್ದ ಆ ಬಿಳಿ ತುರುಬನ್ನು ಬಿಚ್ಚಿದಳು.